ಭುಜದ ಸ್ನಾಯು ಹರಿದಿದೆ, ಮೂಳೆ ಬೆಳೆದಿದೆ ಅಂತ ರಿಪೋರ್ಟ್ ಬಂದಿದೆಯಾ? ಮುಂದೆ ಹೀಗೆ ಮಾಡಿ

‘ಎಂಆರ್‌ಐ ರಿಪೋರ್ಟ್‌ನಲ್ಲಿ ಸುಪ್ರಾಸ್ಪೈನೇಟಸ್ ಟೇರ್ ಅಂತಿದೆ. ಮೂಳೆ ಬೆಳೆದಿದೆ ಅಂತಾನೂ ಬರೆದಿದ್ದಾರೆ. ಆಪರೇಷನ್ ಮಾಡಿಸಲೇಬೇಕಾ?’ ಐವತ್ತು ದಾಟಿದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರು ಗಾಬರಿಯಲ್ಲೇ ಆಪರೇಷನ್‌ಗೆ ತಾರೀಖು ತೆಗೆದುಕೊಂಡಿರುತ್ತಾರೆ. ಇನ್ನು ಕೆಲವರು ಹೆದರಿ ರಿಪೋರ್ಟನ್ನು ಬೀರುವಿನಲ್ಲಿಟ್ಟು, ಎಣ್ಣೆ ತಿಕ್ಕಿಸಿಕೊಳ್ಳುತ್ತಾ ವರ್ಷ ಕಳೆದಿರುತ್ತಾರೆ. ಎರಡೂ ಬೇಡ.

ರಿಪೋರ್ಟ್‌ನಲ್ಲಿರುವ ದೊಡ್ಡ ದೊಡ್ಡ ಪದಗಳನ್ನಷ್ಟೇ ನೋಡಿ ಚಿಕಿತ್ಸೆ ತೀರ್ಮಾನ ಆಗುವುದಿಲ್ಲ. ಕೈ ಈಗ ಏನೇನು ಮಾಡುತ್ತದೆ, ತೊಂದರೆ ಹೇಗೆ ಶುರುವಾಯಿತು, ಸ್ನಾಯು ಇನ್ನೂ ಎಷ್ಟು ಗಟ್ಟಿ ಇದೆ ಅನ್ನುವುದರ ಮೇಲೆ ಅದು ತೀರ್ಮಾನ ಆಗುತ್ತದೆ. ಇಲ್ಲಿ ಹೇಳುತ್ತಿರುವುದು ವಯಸ್ಸಿನ ಸವೆತದಿಂದ ಬರುವ ಹರಕಿನ ಬಗ್ಗೆ ಮಾತ್ರ. ಆಟದಲ್ಲೋ ಅಪಘಾತದಲ್ಲೋ ಭುಜಕ್ಕೆ ಪೆಟ್ಟಾದ ಚಿಕ್ಕ ವಯಸ್ಸಿನವರು ಇದನ್ನು ಓದುತ್ತಾ ಕೂರದೆ ಮೂಳೆ ಡಾಕ್ಟರ ಹತ್ತಿರ ಹೋಗಬೇಕು.

ಒಳಗೆ ಏನಾಗಿರುತ್ತದೆ?

ಬೆನ್ನಿನ ಮೇಲಿನ ಹಲಗೆ ಮೂಳೆಯಿಂದ ನಾಲ್ಕು ಸ್ನಾಯುಗಳು ಹೊರಟು ರಟ್ಟೆ ಮೂಳೆಯ ಗುಂಡು ತಲೆಗೆ ಬಂದು ಅಂಟಿಕೊಳ್ಳುತ್ತವೆ. ಈ ನಾಲ್ಕೂ ಸೇರಿದ್ದಕ್ಕೆ ರೊಟೇಟರ್ ಕಫ್ ಅಂತ ಹೆಸರು. ಸ್ನಾಯುವಿನ ತುದಿ ಮೂಳೆಗೆ ಅಂಟುವ ಕಡೆ ಗಟ್ಟಿ ಪಟ್ಟಿಯಾಗಿರುತ್ತದೆ, ಅದು ಸ್ನಾಯುರಜ್ಜು. ನಾಲ್ಕರಲ್ಲಿ ಮೇಲ್ಗಡೆ ಇರುವುದು ಸುಪ್ರಾಸ್ಪೈನೇಟಸ್. ಹರಿಯುವುದು ಹೆಚ್ಚಾಗಿ ಇದರ ರಜ್ಜು. ಬಾವಿಯ ಹಳೇ ಹಗ್ಗ ರಾಟೆಗೆ ತಾಗುವ ಕಡೆ ಒಂದೊಂದೇ ಎಳೆ ಬಿಡುತ್ತಾ ಬರುತ್ತದಲ್ಲ, ಇದೂ ಹಾಗೇ ವರ್ಷಗಟ್ಟಲೆ ಸವೆದು ಹರಿಯುತ್ತದೆ.

ಇದು ತುಂಬಾ ಸಾಮಾನ್ಯ. 60 ದಾಟಿದವರ ಭುಜವನ್ನು ಸುಮ್ನೆ ಸ್ಕ್ಯಾನ್ ಮಾಡಿದರೂ ಸುಮಾರು ನಾಲ್ಕರಲ್ಲಿ ಒಬ್ಬರಲ್ಲಿ ಹರಕು ಕಾಣುತ್ತದೆ. 80ರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇರುತ್ತದೆ. ಇವರಲ್ಲಿ ಬಹಳ ಜನಕ್ಕೆ ನೋವೇ ಇರುವುದಿಲ್ಲ. ಅಂದರೆ ಹರಕು ಇದೆ ಅಂದ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣ ಅಂತ ಹೇಳಲು ಬರುವುದಿಲ್ಲ.

ಇನ್ನು ಆ ಬೆಳೆದ ಮೂಳೆ. ಭುಜದ ಮೇಲ್ತುದಿಯಲ್ಲಿ ಕೈಗೆ ಗಟ್ಟಿಯಾಗಿ ಸಿಗುವ ಮೂಳೆ ಅಕ್ರೋಮಿಯನ್. ಅದಕ್ಕೂ ರಟ್ಟೆ ಮೂಳೆಯ ತಲೆಗೂ ನಡುವೆ ಸುಮಾರು ಒಂದು ಸೆಂಟಿಮೀಟರ್ ಜಾಗ. ರಜ್ಜು ಹಾದುಹೋಗುವುದು ಅಲ್ಲೇ. ಅಕ್ರೋಮಿಯನ್ನಿಗೆ ಅಂಟಿದ ಒಂದು ಕಟ್ಟುಪಟ್ಟಿ ವರ್ಷಗಟ್ಟಲೆ ಎಳೆದೂ ಎಳೆದೂ ಆ ಜಾಗದಲ್ಲಿ ಮೂಳೆ ಚೂಪಾಗಿ ಬೆಳೆಯುತ್ತದೆ. ಇದೇ ಸ್ಪರ್, ಮೂಳೆ ಮುಳ್ಳು.

ಈ ಮುಳ್ಳೇ ರಜ್ಜುವನ್ನು ಉಜ್ಜಿ ಉಜ್ಜಿ ಹರಿಯುತ್ತದೆ ಅಂತ ಬಹಳ ಕಾಲ ನಂಬಿದ್ದರು. ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ 1972ರಲ್ಲಿ ಈ ಮೂಳೆಯನ್ನು ಕೆತ್ತಿ ತೆಗೆಯುವ ಆಪರೇಷನ್ನನ್ನು ವಿವರಿಸಿದರು. ಆಮೇಲೆ ಅದು ಜಗತ್ತಿನಾದ್ಯಂತ ನಡೆಯಿತು. ಆದರೆ ಬ್ರಿಟನ್ನಿನಲ್ಲಿ ಮತ್ತು ಫಿನ್‌ಲೆಂಡಿನಲ್ಲಿ ಮೂಳೆ ಕೆತ್ತಿಸಿಕೊಂಡವರನ್ನು, ಬರೀ ಕ್ಯಾಮೆರಾ ಹಾಕಿ ನೋಡಿ ಮೂಳೆ ಮುಟ್ಟದೆ ಬಿಟ್ಟವರ ಜೊತೆ ಹೋಲಿಸಿದರು. 2018ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾದ ಫಲಿತಾಂಶ ನೋಡಿದರೆ, ರೋಗಿಗೆ ಗೊತ್ತಾಗುವಷ್ಟು ಲಾಭ ಕೆತ್ತುವುದರಿಂದ ಆಗಿರಲಿಲ್ಲ. ಈ ಎರಡೂ ಅಧ್ಯಯನ ರಜ್ಜು ಪೂರ್ತಿ ಹರಿಯದವರ ಮೇಲೆ ಮಾಡಿದ್ದು, ಅದು ನೆನಪಿರಲಿ. ಆದರೂ ‘ಮುಳ್ಳಿದೆ, ಕೆತ್ತಿಬಿಡೋಣ’ ಅನ್ನುವ ಒಂದೇ ಕಾರಣಕ್ಕೆ ಆಪರೇಷನ್ ಟೇಬಲ್ ಹತ್ತಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಹಂತ 1: ಇದು ಭುಜದ್ದೇ ನೋವಾ, ತುರ್ತು ಏನಾದರೂ ಇದೆಯಾ ನೋಡಿ

ಎಡ ಭುಜ, ತೋಳು ನೋಯುತ್ತಾ ಎದೆ ಹಿಂಡಿದಂತಾದರೆ, ಬೆವರು, ಉಸಿರುಗಟ್ಟುವುದು, ದವಡೆ ನೋವು ಜೊತೆಗಿದ್ದರೆ ಅದು ಹೃದಯದ ತೊಂದರೆ ಇರಬಹುದು. ಭುಜದ ವಿಚಾರ ಬಿಟ್ಟು 108ಕ್ಕೆ ಫೋನ್ ಮಾಡಿ.

ಬಿದ್ದ ಮೇಲೆ, ಇಲ್ಲವೇ ಭಾರ ಎತ್ತುವಾಗ ‘ಚಟ್’ ಅಂದ ಮೇಲೆ, ನಿನ್ನೆವರೆಗೂ ಎತ್ತುತ್ತಿದ್ದ ಕೈ ಇವತ್ತು ಏಳುತ್ತಲೇ ಇಲ್ಲ ಅಂದರೆ ಕಾಯಬೇಡಿ. ಹಳೇ ಸವೆತದ ಮೇಲೆ ಹೊಸ ಹರಕು ಆಗಿರಬಹುದು. ಇಂಥದ್ದನ್ನು ಮೊದಲ ಕೆಲವು ವಾರಗಳಲ್ಲೇ ಹೊಲಿದರೆ ಫಲ ಚೆನ್ನಾಗಿರುತ್ತದೆ. ‘ಉಳುಕಿರಬೇಕು, ಸರಿಹೋಗುತ್ತೆ’ ಅಂತ ಮೂರು ತಿಂಗಳು ಕೂತವರಿಗೆ ಆ ಅವಕಾಶ ಕೈತಪ್ಪಿಹೋಗುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಜ್ವರದ ಜೊತೆ ಭುಜ ಕೆಂಪಾಗಿ ಊದಿದ್ದರೆ, ಹೊಸದಾಗಿ ಗಂಟು ಕಂಡರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಬೇಗ ತೋರಿಸಿ. ಕುತ್ತಿಗೆ ತಿರುಗಿಸಿದಾಗ ನೋವು ಜಾಸ್ತಿಯಾಗಿ ಮೊಣಕೈ ದಾಟಿ ಬೆರಳಿಗೆ ಜೋಮು ಇಳಿಯುತ್ತಿದ್ದರೆ ಮೂಲ ಕುತ್ತಿಗೆಯಲ್ಲಿರುವ ಸಾಧ್ಯತೆ ಹೆಚ್ಚು. ರೊಟೇಟರ್ ಕಫ್ ನೋವು ಸಾಮಾನ್ಯವಾಗಿ ರಟ್ಟೆಯ ಹೊರಮಗ್ಗುಲಲ್ಲಿ ಬರುತ್ತದೆ, ಮೊಣಕೈ ದಾಟುವುದು ಅಪರೂಪ.

ಹಂತ 2: ಕನ್ನಡಿ ಮುಂದೆ ನಿಂತು ಕೈಯನ್ನು ಗಮನಿಸಿ

ಎರಡೂ ಭುಜ ಕಾಣುವ ಹಾಗೆ ನಿಂತು, ಕೈಗಳನ್ನು ಪಕ್ಕದಿಂದ ನಿಧಾನಕ್ಕೆ ಮೇಲೆತ್ತಿ. ಕೈ ಸೊಂಟದ ಹತ್ತಿರ ಇದ್ದಾಗ ನೋವಿಲ್ಲ. ಸುಮಾರು 60 ಡಿಗ್ರಿ ದಾಟಿದಾಗ ಚುಚ್ಚುತ್ತದೆ, 120 ದಾಟಿದ ಮೇಲೆ ಮತ್ತೆ ಸಲೀಸು. ಇದು ಕಫ್ ತೊಂದರೆಯ ಗುರುತು. ನೋಯುವ ಕಡೆಯ ಭುಜ ಕಿವಿ ಕಡೆ ಏರಿ, ಮೈ ಇನ್ನೊಂದು ಮಗ್ಗುಲಿಗೆ ವಾಲುತ್ತಿದೆಯಾ ನೋಡಿ. ರಜ್ಜು ಮಾಡಬೇಕಾದ ಕೆಲಸವನ್ನು ಕುತ್ತಿಗೆಯ ಸ್ನಾಯು ಮಾಡುತ್ತಿದ್ದರೆ ಹಾಗಾಗುತ್ತದೆ. ತಲೆ ಬಾಚುವುದು, ಬೆನ್ನ ಹಿಂದೆ ಬ್ರಾ ಹುಕ್ ಹಾಕುವುದು, ಪ್ಯಾಂಟಿನ ಹಿಂದಿನ ಜೇಬಿನಿಂದ ಪರ್ಸ್ ತೆಗೆಯುವುದು, ಅಟ್ಟದ ಡಬ್ಬಿ ಇಳಿಸುವುದು, ಇದರಲ್ಲಿ ಯಾವುದು ಆಗುತ್ತಿಲ್ಲ ಅಂತ ಬರೆದಿಡಿ. ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ ಅಂತಾನೂ ಬರೆಯಿರಿ. ಡಾಕ್ಟರಿಗೆ ಈ ಪಟ್ಟಿ ಬಹಳ ಉಪಯೋಗ.

ಇನ್ನೊಂದು ಪರೀಕ್ಷೆಗೆ ಮನೆಯವರ ಸಹಾಯ ಬೇಕು. ನೀವು ಕೈ ಸಡಿಲ ಬಿಡಿ, ಅವರು ನಿಧಾನವಾಗಿ ಎತ್ತಲಿ. ಅವರು ಎತ್ತಿದರೆ ಪೂರ್ತಿ ಏಳುತ್ತದೆ, ನೀವು ಎತ್ತಿದರೆ ಏಳುವುದಿಲ್ಲ ಅಂದರೆ ಹರಕಿನ ಅನುಮಾನ. ಅವರು ಎತ್ತಿದರೂ ಏಳದೆ ಬಿಗಿಯಾಗಿ ನಿಂತರೆ ಫ್ರೋಜನ್ ಶೋಲ್ಡರ್, ಅಂದರೆ ಕೀಲಿನ ಚೀಲವೇ ಗಟ್ಟಿಯಾಗಿರುವ ಸಾಧ್ಯತೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಎರಡೂ ಒಟ್ಟಿಗೇ ಇರುವವರೂ ಉಂಟು, ಅಂಥವರಿಗೆ ಸಾಮಾನ್ಯವಾಗಿ ಮೊದಲು ಬಿಗಿ ಬಿಡಿಸುತ್ತಾರೆ.

ಹಂತ 3: ಪರೀಕ್ಷೆಗಳನ್ನು ಸರಿಯಾದ ಕ್ರಮದಲ್ಲಿ ಮಾಡಿಸಿ

ಮೊದಲು ಎಕ್ಸ್‌ರೇ. ಖರ್ಚು ಕಡಿಮೆ. ಮೂಳೆ ಮುಳ್ಳು, ಕೀಲಿನ ಸವೆತ, ರಜ್ಜುವಿನಲ್ಲಿ ಸುಣ್ಣ ಕಟ್ಟಿರುವುದು ಎಲ್ಲ ಕಾಣುತ್ತದೆ. ಅಕ್ರೋಮಿಯನ್‌ಗೂ ರಟ್ಟೆ ಮೂಳೆಗೂ ನಡುವಿನ ಜಾಗ 7 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ದೊಡ್ಡ ಹರಕಿನ ಅನುಮಾನ ಬರುತ್ತದೆ. ಆಮೇಲೆ ಅಲ್ಟ್ರಾಸೌಂಡ್. ನುರಿತವರು ಮಾಡಿದರೆ ಪೂರ್ತಿ ಹರಕು ಹಿಡಿಯಲು ಇದು ಸಾಕು. ಆಪರೇಷನ್ ಮಾಡಿಸುವ ಯೋಚನೆ ಇದ್ದರೆ, ಅಥವಾ ಚಿತ್ರಣ ಸ್ಪಷ್ಟವಾಗದಿದ್ದರೆ ಎಂಆರ್‌ಐ. ಮೈಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ರಿಪೋರ್ಟ್‌ನಲ್ಲಿ ಹುಡುಕಬೇಕಾದ್ದು ಇಷ್ಟು:

‘ಪಾರ್ಶಿಯಲ್’ ಅಂದರೆ ರಜ್ಜುವಿನ ದಪ್ಪದಲ್ಲಿ ಸ್ವಲ್ಪ ಭಾಗ ಮಾತ್ರ ಹರಿದಿದೆ. ‘ಫುಲ್ ಥಿಕ್‌ನೆಸ್’ ಅಂದರೆ ಮೇಲಿಂದ ಕೆಳಗಿನವರೆಗೂ ತೂತಾಗಿದೆ. ಇದನ್ನು ಓದಿ ‘ಇಡೀ ಸ್ನಾಯು ತುಂಡಾಗಿದೆ’ ಅಂದುಕೊಳ್ಳುವವರು ಬಹಳ. ಹಾಗಲ್ಲ. ತೂತು ಚಿಕ್ಕದಿರಬಹುದು, ಸುತ್ತಲಿನ ಎಳೆಗಳು ಇನ್ನೂ ಹಿಡಿದಿರಬಹುದು.

ಅಳತೆ 1 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸಣ್ಣದು, 3ರವರೆಗೆ ಮಧ್ಯಮ, 3ರಿಂದ 5 ದೊಡ್ಡದು, 5 ದಾಟಿದರೆ ಭಾರಿ.

‘ರಿಟ್ರ್ಯಾಕ್ಷನ್’ ಅಂದರೆ ಹರಿದ ತುದಿ ಹಿಂದಕ್ಕೆ ಸರಿದಿದೆ. ‘ಫ್ಯಾಟಿ ಇನ್‌ಫಿಲ್ಟ್ರೇಷನ್’ ಅಂದರೆ ಸ್ನಾಯುವಿನೊಳಗೆ ಕೊಬ್ಬು ಸೇರಿಕೊಂಡಿದೆ. ಗುಟಾಲಿಯೆ ಅನ್ನುವ ಹೆಸರಿನ ಮುಂದೆ 0ರಿಂದ 4ರವರೆಗೆ ಅಂಕಿ ಇರುತ್ತದೆ. 3 ಅಂದರೆ ಕೊಬ್ಬು, ಸ್ನಾಯು ಸಮಸಮ. 4 ಅಂದರೆ ಕೊಬ್ಬೇ ಹೆಚ್ಚು. ಮೂಳೆ ಮುಳ್ಳಿಗಿಂತ ಈ ಅಂಕಿ ಬಹಳ ಮುಖ್ಯ, ಆದರೆ ಇದನ್ನು ಕೇಳುವವರೇ ಕಡಿಮೆ. ರಿಪೋರ್ಟ್‌ನಲ್ಲಿ ಬರೆದಿಲ್ಲದಿದ್ದರೆ ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ.

ಹಂತ 4: ಮೂರು ತಿಂಗಳು ಮನಸ್ಸಿಟ್ಟು ವ್ಯಾಯಾಮ ಮಾಡಿ

ದಿಢೀರ್ ಪೆಟ್ಟಿಲ್ಲದೆ ಸವೆದು ಹರಿದಿದ್ದರೆ ಹೆಚ್ಚಿನವರಿಗೆ ಮೊದಲ ಚಿಕಿತ್ಸೆ ಇದೇ. ಅಮೆರಿಕದಲ್ಲಿ ಪೂರ್ತಿ ಹರಕಿದ್ದ 452 ಮಂದಿಗೆ ವ್ಯಾಯಾಮವನ್ನೇ ಕೊಟ್ಟು ಎರಡು ವರ್ಷ ಗಮನಿಸಿದರು. ಆಪರೇಷನ್ ಬೇಕು ಅಂದವರು ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ವ್ಯಾಯಾಮದಿಂದ ಹರಿದ ಜಾಗ ಕೂಡಿಕೊಳ್ಳುವುದಿಲ್ಲ. ಉಳಿದ ಸ್ನಾಯುಗಳು ಗಟ್ಟಿಯಾಗಿ ಆ ಕೆಲಸ ವಹಿಸಿಕೊಳ್ಳುತ್ತವೆ, ನೋವು ಇಳಿಯುತ್ತದೆ, ಕೈ ಏಳುತ್ತದೆ.

ಮೊದಲ ಎರಡು ವಾರ ನೋವು ಇಳಿಸುವುದರ ಕಡೆ ಗಮನ. ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ಇಡಬೇಡಿ, ಭುಜ ಬಿಗಿಯುತ್ತದೆ. ತಲೆಗಿಂತ ಮೇಲಿನ ಕೆಲಸ ಮಾತ್ರ ನಿಲ್ಲಿಸಿ. ದಿನಾ ಬಳಸುವ ಡಬ್ಬಿಗಳನ್ನು ಎದೆಮಟ್ಟಕ್ಕೆ ಇಳಿಸಿ. ಬಸ್ಸಿನಲ್ಲಿ ಮೇಲಿನ ಕಂಬಿ ಬಿಟ್ಟು ಸೀಟಿನ ಹಿಡಿ ಹಿಡಿದುಕೊಳ್ಳಿ. ತೋಟದಲ್ಲಿ ದೋಟಿ ಹಿಡಿದು ಅಡಿಕೆ ಕೊಯ್ಯುವುದನ್ನು, ಬೆನ್ನಿಗೆ ಔಷಧಿ ಕ್ಯಾನ್ ಹಾಕಿಕೊಂಡು ಸಿಂಪಡಿಸುವುದನ್ನು ಈ ಮೂರು ತಿಂಗಳು ಬೇರೆಯವರಿಗೆ ವಹಿಸಿ. ಮಲಗುವಾಗ ನೋವಿನ ಕಡೆ ಮಗ್ಗುಲಾಗಬೇಡಿ. ಅಂಗಾತ ಮಲಗಿ ಮೊಣಕೈ ಕೆಳಗೆ ಮಡಚಿದ ಹೊದಿಕೆ ಇಡಿ. ಒರಗು ಕುರ್ಚಿಯಲ್ಲಿ ಅರ್ಧ ಕೂತಂತೆ ಮಲಗಿದರೆ ಕೆಲವರಿಗೆ ಚೆನ್ನಾಗಿ ನಿದ್ದೆ ಬರುತ್ತದೆ.

ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ವಾರಗಟ್ಟಲೆ ನುಂಗಬೇಡಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಬಿಪಿ, ಹೃದ್ರೋಗ ಇರುವವರಿಗೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದರಿಂದ ಅಪಾಯ.

ವ್ಯಾಯಾಮವನ್ನು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ಮನೆಯಲ್ಲಿ ದಿನಾ ಮಾಡಿ. ಸಾಮಾನ್ಯವಾಗಿ ಹೀಗಿರುತ್ತದೆ:

ಮೊದಲು ಸಡಿಲ ಮಾಡುವುದು. ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ ಬಗ್ಗಿ, ನೋಯುವ ಕೈಯನ್ನು ಇಳಿಬಿಟ್ಟು ಮೈ ಅಲ್ಲಾಡಿಸಿ. ಕೈ ತಾನಾಗಿ ಓಲಾಡಬೇಕು, ನೀವು ಬೀಸಬಾರದು. ಆಮೇಲೆ ಮೇಜಿನ ಮುಂದೆ ಕೂತು, ಟವೆಲ್ ಮೇಲೆ ಅಂಗೈ ಇಟ್ಟು ಮುಂದಕ್ಕೆ ಜಾರಿಸಿ ಹಿಂದಕ್ಕೆ ತನ್ನಿ. ಅಂಗಾತ ಮಲಗಿ ಒಂದು ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಒಳ್ಳೆಯ ಕೈಯ ಬಲದಿಂದ ಇನ್ನೊಂದನ್ನು ತಲೆಯ ಕಡೆ ಒಯ್ಯಿರಿ.

ನೋವು ಇಳಿದ ಮೇಲೆ ಬಲ ತುಂಬುವುದು. ಬೆನ್ನಿನ ಹಲಗೆ ಮೂಳೆಗಳನ್ನು ಹಿಂದಕ್ಕೆ ಸೇರಿಸಿ ಐದು ಎಣಿಸಿ ಬಿಡಿ. ನಂತರ ವ್ಯಾಯಾಮಕ್ಕೆ ಬಳಸುವ ಉದ್ದನೆಯ ರಬ್ಬರ್ ಬ್ಯಾಂಡ್. ಮೊಣಕೈಯನ್ನು 90 ಡಿಗ್ರಿ ಮಡಚಿ, ಮೊಣಕೈಗೂ ಪಕ್ಕೆಗೂ ನಡುವೆ ಸುತ್ತಿದ ಟವೆಲ್ ಇಟ್ಟು, ಮುಂಗೈಯನ್ನು ಹೊರಕ್ಕೆ ಎಳೆಯಿರಿ. ಟವೆಲ್ ಬಿದ್ದರೆ ತಪ್ಪು ಮಾಡುತ್ತಿದ್ದೀರಿ ಅಂತ. ಎಳೆಯುವುದಕ್ಕಿಂತ ನಿಧಾನವಾಗಿ ವಾಪಸ್ ಬಿಡುವುದು ಮುಖ್ಯ, ಅವಸರ ಮಾಡಬೇಡಿ. ಇದೇ ರೀತಿ ಒಳಕ್ಕೂ ಎಳೆಯಿರಿ. ಕೈ ಮೇಲೆತ್ತುವ ವ್ಯಾಯಾಮ ಬರುವುದು ಇವೆಲ್ಲ ಸಲೀಸಾದ ಮೇಲೆ.

ಎಷ್ಟು ನೋವು ತಡೆಯಬಹುದು? ಹತ್ತಕ್ಕೆ ಮೂರು ನಾಲ್ಕರೊಳಗೆ ಇದ್ದು, ಮಾರನೇ ದಿನ ಬೆಳಗ್ಗೆ ಇಳಿದಿದ್ದರೆ ಪರವಾಗಿಲ್ಲ. ರಾತ್ರಿ ಜಾಸ್ತಿಯಾಗಿ ನಿದ್ದೆ ಕೆಟ್ಟರೆ ಮಾರನೇ ದಿನ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ.

ಇಲ್ಲಿ ಜನ ಎಡವುವ ಕಡೆಗಳನ್ನೂ ಹೇಳಬೇಕು. ಕ್ಲಿನಿಕ್ಕಿಗೆ ಹೋಗಿ ಬರೀ ಶಾಖ, ಕರೆಂಟ್ ಇಡಿಸಿಕೊಂಡು ಬರುವುದು ವ್ಯಾಯಾಮವಲ್ಲ, ಅದು ಎರಡು ಗಂಟೆಯ ಉಪಶಮನ. ಮೇಲುಮೇಲೆ ಎಣ್ಣೆ ಸವರಿದರೆ ತೊಂದರೆಯಿಲ್ಲ, ಆದರೆ ಭುಜ ಹಿಡಿದು ಜಗ್ಗಿಸಿ ಲಟಕ್ಕೆನಿಸುವುದು, ಪಟ್ಟು ಹಾಕಿ ವಾರಗಟ್ಟಲೆ ಕಟ್ಟುವುದು ಬೇಡವೇ ಬೇಡ. ಸವೆದ ರಜ್ಜು ಇನ್ನಷ್ಟು ಹರಿಯಬಹುದು, ಇಲ್ಲವೇ ಭುಜ ಬಿಗಿದುಹೋಗಬಹುದು. ಮೂರನೇ ವಾರಕ್ಕೆ ‘ಏನೂ ಫರಕ್ ಇಲ್ಲ’ ಅಂತ ಬಿಡುವವರು ಅನೇಕ. ಮೊದಲ ಬದಲಾವಣೆ ಕಾಣಲು ಆರು ವಾರ ಬೇಕಾಗುತ್ತದೆ, ಹನ್ನೆರಡು ವಾರ ಆದ ಮೇಲೆ ತೀರ್ಮಾನ ಮಾಡಿ.

ಹಂತ 5: ಇಂಜೆಕ್ಷನ್ ಬಗ್ಗೆ ಯೋಚಿಸುವುದಿದ್ದರೆ

ನೋವಿನಿಂದ ನಿದ್ದೆಯೂ ಇಲ್ಲ, ವ್ಯಾಯಾಮವೂ ಆಗುತ್ತಿಲ್ಲ ಅಂದಾಗ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೆಮ್ಮದಿ ಕೊಡುತ್ತದೆ. ಆ ವಾರಗಳಲ್ಲಿ ವ್ಯಾಯಾಮ ಶುರು ಮಾಡಿದರೆ ಮಾತ್ರ ಅದರಿಂದ ಪ್ರಯೋಜನ. ನೋವು ಹೋಯಿತು ಅಂತ ಮತ್ತೆ ಭಾರ ಎತ್ತಬೇಡಿ. ಪದೇ ಪದೇ ಚುಚ್ಚಿಸಿಕೊಂಡರೆ ರಜ್ಜು ದುರ್ಬಲವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಶುಗರ್ ಏರುತ್ತದೆ, ಮನೆಯಲ್ಲೇ ಪರೀಕ್ಷಿಸುತ್ತಿರಿ. ಆಪರೇಷನ್ ಹತ್ತಿರದಲ್ಲಿದ್ದರೆ ಇಂಜೆಕ್ಷನ್ ಬೇಡ, ಸೋಂಕಿನ ಅಪಾಯ ಹೆಚ್ಚುತ್ತದೆ. ಹಿಂದೆ ಎಷ್ಟು ತೆಗೆದುಕೊಂಡಿದ್ದೀರಿ, ಯಾವಾಗ ಅನ್ನುವುದನ್ನು ಸರ್ಜನ್ನಿಗೆ ಮುಚ್ಚಿಡಬೇಡಿ.

ಪಿಆರ್‌ಪಿ, ಅಂದರೆ ನಿಮ್ಮದೇ ರಕ್ತದ ಒಂದು ಭಾಗ ಬೇರ್ಪಡಿಸಿ ಚುಚ್ಚುವುದು. ಫಲಿತಾಂಶಗಳು ಒಂದೇ ಥರ ಬಂದಿಲ್ಲ, ಖರ್ಚು ಹೆಚ್ಚು. ‘ಹರಿದದ್ದು ಕೂಡಿಬಿಡುತ್ತೆ’ ಅಂತ ಯಾರಾದರೂ ಖಾತ್ರಿ ಕೊಟ್ಟರೆ ನಂಬಬೇಡಿ.

ಹಂತ 6: ಹಾಗೇ ಬಿಟ್ಟರೆ ಏನಾಗಬಹುದು ಅಂತ ತಿಳಿದಿರಿ

ಹರಕು ದೊಡ್ಡದಾಗಬಹುದು. ನೋವಿಲ್ಲದ ಹರಕುಗಳನ್ನೇ ವರ್ಷಗಟ್ಟಲೆ ಅಲ್ಟ್ರಾಸೌಂಡಿನಲ್ಲಿ ಗಮನಿಸಿದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಸುಮಾರು ಐದು ವರ್ಷದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಹರಕುಗಳು ದೊಡ್ಡದಾಗಿದ್ದವು. ದೊಡ್ಡದಾದಂತೆ ತುದಿ ಹಿಂದೆ ಸರಿಯುತ್ತದೆ, ಸ್ನಾಯು ಸೊರಗಿ ಕೊಬ್ಬು ತುಂಬುತ್ತದೆ. ಹೀಗೆ ತುಂಬಿದ ಕೊಬ್ಬು ಹೊಲಿದ ಮೇಲೂ ಸಾಮಾನ್ಯವಾಗಿ ಹೋಗುವುದಿಲ್ಲ. ಪಕ್ಕದ ಬೈಸೆಪ್ಸ್, ಅಂದರೆ ರಟ್ಟೆಯ ಮುಂದಿನ ಸ್ನಾಯುವಿನ ರಜ್ಜುವೂ ಸವೆದು ತುಂಡಾಗಬಹುದು, ಆಗ ರಟ್ಟೆಯ ಮುಂದೆ ಉಂಡೆ ಎದ್ದು ಕಾಣುತ್ತದೆ.

ಕೊನೆಯ ಹಂತವನ್ನು ಕಫ್ ಆರ್ಥ್ರೋಪತಿ ಅನ್ನುತ್ತಾರೆ. ಹಿಡಿದಿಡುವ ರಜ್ಜು ಇಲ್ಲದೆ ರಟ್ಟೆ ಮೂಳೆ ಮೇಲಕ್ಕೆ ಸರಿದು ಅಕ್ರೋಮಿಯನ್‌ಗೆ ಉಜ್ಜಿ, ಕೀಲೇ ಸವೆಯುತ್ತದೆ. ಎಲ್ಲರಿಗೂ ಇಲ್ಲಿವರೆಗೆ ಹೋಗುವುದಿಲ್ಲ. ಆದರೆ ನೋವು ಕಡಿಮೆಯಾಯಿತು ಅಂತ ಮರೆತುಬಿಡಬೇಡಿ. ಪೂರ್ತಿ ಹರಕಿದ್ದರೆ, ಅದರಲ್ಲೂ 65ರೊಳಗಿನವರು, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಡಾಕ್ಟರಿಗೆ ತೋರಿಸಿ ಅಲ್ಟ್ರಾಸೌಂಡಿನಲ್ಲಿ ಅಳತೆ ನೋಡಿಸಿ. ನೋವು ಅಷ್ಟೇ ಇದ್ದು ಬಲ ಕುಗ್ಗುತ್ತಿದ್ದರೆ ಅದು ಎಚ್ಚರಿಕೆ.

ಹಂತ 7: ಆಪರೇಷನ್ ಬೇಕಾದರೆ

ದಿಢೀರ್ ಹರಿದು ಕೈ ಏಳದವರು, ಮೂರು ತಿಂಗಳು ನಿಯತ್ತಾಗಿ ವ್ಯಾಯಾಮ ಮಾಡಿಯೂ ನೋವು ಇಳಿಯದವರು, ಹರಕು ದೊಡ್ಡದಾಗುತ್ತಿದ್ದರೂ ಸ್ನಾಯು ಇನ್ನೂ ಚೆನ್ನಾಗಿರುವವರು, ಇವರಿಗೆ ಹೊಲಿಗೆಯಿಂದ ಲಾಭ. ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಹಾಕಿ, ಮೂಳೆಗೆ ಪುಟ್ಟ ಆಂಕರ್ (ದಾರ ಕಟ್ಟಿದ ಮೊಳೆಯಂಥದ್ದು) ಬಿಗಿದು, ಅದರ ದಾರದಿಂದ ರಜ್ಜುವನ್ನು ಮೂಳೆಗೆ ಎಳೆದು ಕಟ್ಟುತ್ತಾರೆ. ಜೊತೆಗೇ ಮುಳ್ಳನ್ನು ಕೆತ್ತಲೇಬೇಕು ಅಂತಿಲ್ಲ. ಕೆತ್ತಿದವರಿಗೂ ಕೆತ್ತದವರಿಗೂ ಕೈಯ ಬಳಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಂಡಿಲ್ಲ. ಹೊಲಿಗೆಗೆ ಅಡ್ಡ ಬರುವ ದೊಡ್ಡ ಮುಳ್ಳಾದರೆ ಸರ್ಜನ್ ತೆಗೆಯಬಹುದು. ಹೊಲಿಯಲು ಬಾರದ ಭಾರಿ ಹರಕು, ಜೊತೆಗೆ ಕೀಲೂ ಸವೆದಿರುವ ವಯಸ್ಸಾದವರಿಗೆ ರಿವರ್ಸ್ ಶೋಲ್ಡರ್ ಅನ್ನುವ ಕೃತಕ ಕೀಲು ಇದೆ. ಅದರಲ್ಲಿ ಗುಂಡು ಮತ್ತು ಬಟ್ಟಲಿನ ಜಾಗ ಅದಲುಬದಲು ಮಾಡುತ್ತಾರೆ. ಆಗ ಹೊರಗಿನ ಡೆಲ್ಟಾಯ್ಡ್ ಸ್ನಾಯುವೇ ಕೈ ಎತ್ತುತ್ತದೆ.

ಚೇತರಿಕೆಯ ಲೆಕ್ಕವನ್ನು ಮೊದಲೇ ಮನೆಯವರ ಜೊತೆ ಕೂತು ಹಾಕಿ. ಹೊಲಿಗೆ ಆದ ಮೇಲೆ ನಾಲ್ಕರಿಂದ ಆರು ವಾರ ಕೈ ಸ್ಲಿಂಗಿನಲ್ಲಿ. ಸುಮಾರು ಆರು ವಾರದ ನಂತರ ಸ್ವಂತ ಬಲದಿಂದ ಎತ್ತುವುದು, ಹನ್ನೆರಡು ವಾರದ ನಂತರ ಬಲ ತುಂಬುವ ವ್ಯಾಯಾಮ. ಭಾರದ ಕೆಲಸಕ್ಕೆ ಆರು ತಿಂಗಳಾದರೂ ಬೇಕು. ಒಬ್ಬರೇ ಇರುವವರು, ನಾಟಿ, ಕೊಯ್ಲಿನ ಸಮಯದವರು ಅದಕ್ಕೆ ತಕ್ಕ ಹಾಗೆ ತಾರೀಖು ಇಟ್ಟುಕೊಳ್ಳಿ.

ಆಪರೇಷನ್‌ಗೂ ತೊಡಕುಗಳಿವೆ. ಹೊಲಿದದ್ದು ಕೂಡದೇ ಇರಬಹುದು, ಮತ್ತೆ ಹರಿಯಬಹುದು. ವಯಸ್ಸು ಹೆಚ್ಚಿದಷ್ಟೂ, ಹರಕು ದೊಡ್ಡದಾದಷ್ಟೂ ಇದು ಜಾಸ್ತಿ. ಭುಜ ಬಿಗಿಯಬಹುದು. ಸೋಂಕು ಅಪರೂಪ, ಆದರೆ ತಗುಲಿದರೆ ಕಷ್ಟ. ಬೀಡಿ, ಸಿಗರೇಟು ಬಿಡದವರಲ್ಲಿ, ಶುಗರ್ ಹತೋಟಿಯಲ್ಲಿ ಇಲ್ಲದವರಲ್ಲಿ ರಜ್ಜು ಸರಿಯಾಗಿ ಕೂಡುವುದಿಲ್ಲ. ಇವೆರಡನ್ನೂ ಆಪರೇಷನ್‌ಗೆ ಮೊದಲೇ ಸರಿಮಾಡಿಕೊಳ್ಳಿ. ಕುತ್ತಿಗೆ ಹತ್ತಿರ ನರಕ್ಕೆ ಅರಿವಳಿಕೆ ಕೊಡುವುದಾದರೆ ಸ್ವಲ್ಪ ಹೊತ್ತು ಆ ಕಡೆಯ ಉಸಿರಾಟದ ಸ್ನಾಯು ಮಂಕಾಗುತ್ತದೆ. ಅಸ್ತಮಾ, ಶ್ವಾಸಕೋಶದ ತೊಂದರೆ ಇದ್ದರೆ ಅರಿವಳಿಕೆ ಡಾಕ್ಟರಿಗೆ ತಪ್ಪದೆ ಹೇಳಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಸರ್ಜನ್ನಿಗೆ ಇಷ್ಟು ಕೇಳಿ: ನನ್ನ ಹರಕು ಎಷ್ಟು ಸೆಂಟಿಮೀಟರ್? ಕೊಬ್ಬಿನ ಅಂಕಿ ಎಷ್ಟು? ಹೊಲಿಯುತ್ತೀರಾ ಅಥವಾ ಬರೀ ಮೂಳೆ ಕೆತ್ತುತ್ತೀರಾ? ನನ್ನ ವಯಸ್ಸಿಗೆ ಇದು ಕೂಡುವ ಸಾಧ್ಯತೆ ಎಷ್ಟು? ಆಪರೇಷನ್ ಮಾಡಿಸದಿದ್ದರೆ ಒಂದು ವರ್ಷದಲ್ಲಿ ಏನಾಗಬಹುದು? ಆಂಕರ್ ಎಷ್ಟು ಬೇಕು, ಒಂದಕ್ಕೆ ಎಷ್ಟು ಬೆಲೆ? ಬಿಲ್ಲಿನಲ್ಲಿ ದೊಡ್ಡ ಪಾಲು ಆಂಕರಿನದೇ ಆಗಬಹುದು, ಬರವಣಿಗೆಯಲ್ಲಿ ಪಡೆಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ, ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದೆಯಾ ಅಂತ ಯೋಜನೆಗೆ ಸೇರಿದ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ. ಅನುಮಾನ ಉಳಿದರೆ ಎಂಆರ್‌ಐ ಸಿಡಿಯನ್ನೂ ತೆಗೆದುಕೊಂಡು ಇನ್ನೊಬ್ಬ ಮೂಳೆ ಡಾಕ್ಟರಿಗೆ ತೋರಿಸಿ. ಸವೆದು ಹರಿದದ್ದಕ್ಕೆ ಒಂದೆರಡು ವಾರ ತಡವಾದರೆ ನಷ್ಟವಿಲ್ಲ.

ಮನೆಗೆ ಬಂದ ಮೇಲೆ ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ, ಬೆರಳು ಮರಗಟ್ಟಿ ಹಾಗೇ ಉಳಿದರೆ, ಮೀನಖಂಡ ಊದಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ನೇರವಾಗಿ 108ಕ್ಕೆ.